ಗುರುವಾರವೇ ಬರೆದ ಶುಕ್ರವಾರದ ಸಭೆ

ನಾನು ಪುರಸಭೆಯ ಅಧ್ಯಕ್ಷೆಯಾಗಿದ್ದಷ್ಟು ಕಾಲ ಒಂದೇ ಒಂದು ಸಭೆಯ ವರದಿಯನ್ನೂ ಸಭೆ ಮುಗಿದ ಮೇಲೆ ಬರೆದವಳಲ್ಲ. ಎಲ್ಲವನ್ನೂ ಹಿಂದಿನ ದಿನವೇ ಬರೆದು, ಅಚ್ಚಿಗೆ ಕೊಟ್ಟು, ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಆಗ ನಾಲ್ಕು ಜನರೆದುರು ನಾನೇ ಜಂಬದಿಂದ ಹೇಳಿಕೊಂಡು ನಗುತ್ತಿದ್ದೆ.

ಊರಿನ ಹೆಸರು ಬರೆಯುವುದಿಲ್ಲ. ಮೈಸೂರು ರಸ್ತೆ, ಕೆಂಗೇರಿಯ ಆಸುಪಾಸು ಎಂದರೆ ಸಾಕು. ಬೆಂಗಳೂರು ಆಗಿನ್ನೂ ನಮ್ಮನ್ನು ನುಂಗಿರಲಿಲ್ಲ. ನಮ್ಮದೇ ಪುರಸಭೆ, ನಮ್ಮದೇ ನೀರಿನ ಟ್ಯಾಂಕು, ನಮ್ಮದೇ ಜಗಳಗಳು ಇದ್ದವು. ಈಗ ಅದು ಯಾವುದೋ ವಾರ್ಡಿನ ಅರ್ಧ. ಪುರಸಭೆಯಿದ್ದ ಕಟ್ಟಡದ ಎದುರು ಮೆಟ್ರೊ ಕಂಬ ನಿಂತಿದೆ, ಅದರ ಮೈಮೇಲೆ ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿಸಿದ್ದಾರೆ.

ಅಪ್ಪ ಮದುವೆ ಕರೆಯೋಲೆ ಅಚ್ಚು ಹಾಕುತ್ತಿದ್ದ ಪ್ರೆಸ್ಸಿನಲ್ಲೇ ನಾಲ್ಕು ಪುಟದ ವಾರಪತ್ರಿಕೆ ಶುರುಮಾಡಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಸಂಪಾದಕಿ, ಪ್ರಕಾಶಕಿ, ಮುದ್ರಕಿ ಮೂರೂ ನಾನೇ. ಕೊನೆಯ ಪುಟದ ಅಡಿಯಲ್ಲಿ ನನ್ನ ಹೆಸರು ಮೂರು ಸಲ ಬರುತ್ತಿತ್ತು, ಮೂರು ಸಲವೂ ಓದಿಕೊಳ್ಳುತ್ತಿದ್ದೆ. ಪತ್ರಿಕೆಗಳಿಗೆ ಅಂಚೆಯವರು ಕೊಡುವ ರಿಯಾಯಿತಿಗೆ ಒಂದು ಷರತ್ತಿದೆ. ಪ್ರತಿ ವಾರ ಗೊತ್ತುಮಾಡಿದ ದಿನವೇ ಕಟ್ಟು ಅಂಚೆ ಕಚೇರಿ ಸೇರಬೇಕು. ನಮ್ಮ ದಿನ ಶುಕ್ರವಾರ, ಬೆಳಿಗ್ಗೆ ಹತ್ತರೊಳಗೆ. ಆಮೇಲೆ ಮಹಿಳಾ ಮೀಸಲಾತಿ ಬಂದು ನಾನು ಸದಸ್ಯೆಯಾಗಿ, ಮರುವರ್ಷ ಅಧ್ಯಕ್ಷೆಯೂ ಆದೆ. ಪುರಸಭೆಯ ಸಭೆ ಸೇರುತ್ತಿದ್ದದ್ದೂ ಶುಕ್ರವಾರವೇ, ಹನ್ನೊಂದು ಗಂಟೆಗೆ.

ಹೀಗಾಗಿ ಸಭೆಯ ಸುದ್ದಿ ಬೇಕೆಂದರೆ ಒಂದು ವಾರ ಹಳಸಿದ್ದನ್ನು ಹಾಕಬೇಕು, ಇಲ್ಲವೇ ಗುರುವಾರವೇ ಬರೆಯಬೇಕು. ಕಾರ್ಯಸೂಚಿ ಮಾಡುವವಳು ನಾನು. ಯಾರು ಒಪ್ಪುತ್ತಾರೆ, ಯಾರು ಮೂಗು ಮುರಿಯುತ್ತಾರೆ, ಕೊನೆಗೆ ಯಾರು ಕಾಫಿ ಬಂದ ಕೂಡಲೇ ಸುಮ್ಮನಾಗುತ್ತಾರೆ ಎಲ್ಲವೂ ನನಗೆ ಗೊತ್ತಿತ್ತು. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಗುರುವಾರ ಸಂಜೆ ಬರೆಯುತ್ತಿದ್ದೆ, ಶುಕ್ರವಾರ ಮಧ್ಯಾಹ್ನದೊಳಗೆ ಅಂಗೀಕಾರವಾಗುತ್ತಿತ್ತು. ಸದಸ್ಯರು ತಮಾಷೆ ಮಾಡುತ್ತಿದ್ದರು. “ಅಧ್ಯಕ್ಷರೇ, ಇವತ್ತು ನಾವೇನ್ ಮಾತಾಡಿದ್ವಿ ಅಂತ ಪೇಪರ್ ನೋಡಿ ಹೇಳ್ಬಿಡಿ, ಬೇಗ ಮನೆಗ್ ಹೋಗೋಣ.” ಸಭೆಯನ್ನು ಬುಧವಾರಕ್ಕೆ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅದು ನನ್ನ ಕೈಯಲ್ಲೇ ಇತ್ತು. ಆದರೆ ನಡೆಯದೇ ಇರುವುದನ್ನು ನಡೆದಂತೆ ಬರೆದು, ಅದು ನಡೆಯುವುದನ್ನು ಕುರ್ಚಿಯಲ್ಲಿ ಕೂತು ನೋಡುವುದರಲ್ಲಿ ಒಂದು ರುಚಿಯಿತ್ತು. ಆ ರುಚಿಗೆ ಬಿದ್ದಿದ್ದೆ.

ಇನ್ನೊಂದು ಜಂಬವೂ ಇತ್ತು. ನಮ್ಮ ಪತ್ರಿಕೆ ಶುರುವಾದಂದಿನಿಂದ ಒಂದೂ ತಿದ್ದುಪಡಿ ಪ್ರಕಟಿಸಿರಲಿಲ್ಲ. ಅಪ್ಪ ಪ್ರತಿ ಪುಟವನ್ನೂ ಮೂರು ಸಲ ಓದುತ್ತಿದ್ದರು, ಅನುಮಾನ ಬಂದರೆ ಸೈಕಲ್ ಹತ್ತಿ ಹೋಗಿ ಕೇಳಿಕೊಂಡು ಬರುತ್ತಿದ್ದರು. ಅದಕ್ಕೇ ತಿದ್ದುಪಡಿಯ ಅಗತ್ಯ ಬೀಳುತ್ತಿರಲಿಲ್ಲ. ನನಗೆ ಅವರಿಂದ ಜಂಬ ಬಂತು, ಸೈಕಲ್ ಹತ್ತುವ ಅಭ್ಯಾಸ ಬರಲಿಲ್ಲ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಬೆಳಿಗ್ಗೆ ಹಳೆಯ ಪರಿಚಯದ ಹೆಂಗಸೊಬ್ಬಳು ನಮ್ಮ ಮನೆಗೆ ಬಂದಳು. ನಾವೀಗ ಇರುವುದು ಕೆಂಗೇರಿ ಉಪನಗರದಲ್ಲಿ, ಎರಡನೇ ಮಹಡಿ. ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಹೊರಗೇ ಕೂತಳು. ನಮ್ಮ ಪ್ರೆಸ್ಸಿದ್ದ ಬೀದಿಯನ್ನು ಮೂವತ್ತು ವರ್ಷ ಗುಡಿಸಿದವಳು ಆಕೆ. ಈಗ ಕೆಲಸದಿಂದ ನಿವೃತ್ತಿಯಾಗಿ ಸೊಸೆಯನ್ನು ಅದೇ ಕೆಲಸಕ್ಕೆ ಕಳಿಸುತ್ತಾಳೆ. ಆ ಕಾಲದಲ್ಲಿ ನಾವು ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದೆವು. ಕೆಲವು ಮೊಳೆಗಳು ಉರುಳಿ ಬಾಗಿಲಾಚೆ ಬೀಳುತ್ತಿದ್ದವು. ಆಕೆ ಕಸದ ಜೊತೆ ಅವನ್ನು ಗುಡಿಸಿ ಹಾಕುತ್ತಿರಲಿಲ್ಲ. ಒಂದೊಂದನ್ನೇ ಹೆಕ್ಕಿ ಸೆರಗಲ್ಲಿ ಒರೆಸಿ ಒಳಗೆ ತಂದು ಕೊಡುತ್ತಿದ್ದಳು. “ಅಮ್ಮಾ, ನಿಮ್ ಅಕ್ಷರ ಬಿದ್ದಿತ್ತು ನೋಡಿ.” ಆಕೆಗೆ ಓದಲು ಬರುವುದಿಲ್ಲ.

ಒಳಗೆ ಬಾ ಎಂದರೂ ಬರಲಿಲ್ಲ. ಕೈಯಲ್ಲಿದ್ದ ಚೀಲದಿಂದ ಎರಡು ವಸ್ತು ತೆಗೆದಳು. ಮೊದಲನೆಯದು ಒಂದು ನೋಟಿಸು. ಹಳೆಯ ಪಂಪ್‌ಹೌಸಿನ ಹಿಂದೆ ಪೌರಕಾರ್ಮಿಕರ ಹನ್ನೊಂದು ಮನೆಗಳ ಸಾಲಿದೆ, ಆಕೆಯದು ತುದಿಯ ಮನೆ. ಅದು ಪಾಲಿಕೆಯ ಜಾಗ, ಅಲ್ಲಿ ಕಸ ವಿಂಗಡಿಸುವ ಘಟಕ ಬರುತ್ತದೆ, ಹಕ್ಕಿನ ದಾಖಲೆಗಳಿದ್ದರೆ ಹದಿನೈದು ದಿನದೊಳಗೆ ವಿಚಾರಣೆಗೆ ತನ್ನಿ, ಇಲ್ಲವಾದರೆ ತೆರವು ಮಾಡುತ್ತೇವೆ ಎಂದಿತ್ತು. ಊರಿನ ಕಸ ಹೊತ್ತವರ ಮನೆ ಕೆಡವಿ ಅಲ್ಲಿ ಕಸ ತಂದು ಹಾಕುತ್ತಾರಂತೆ. ನನಗೆ ಸಿಟ್ಟು ಬಂತು, ನಿಜ. ಆ ಸಿಟ್ಟು ಎರಡನೆಯ ವಸ್ತು ಕಾಣುವವರೆಗೆ ಮಾತ್ರ ಉಳಿಯಿತು.

ಎರಡನೆಯದು ನಮ್ಮ ಪತ್ರಿಕೆಯ ಮುಖಪುಟ. ಲ್ಯಾಮಿನೇಟ್ ಮಾಡಿಸಿದ್ದರು. ಮೇಲಿನ ಎರಡು ಮೂಲೆಗಳಲ್ಲಿ ಅರಿಶಿನ ಕುಂಕುಮದ ಗುರುತು, ಕೆಳಗೆ ಎಣ್ಣೆಯ ಕಲೆ. ದೇವರ ಪಟಗಳ ಸಾಲಿನಲ್ಲಿ ಇಟ್ಟಿದ್ದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ತಲೆಬರಹ ಎದ್ದು ಕಾಣುತ್ತಿತ್ತು. ‘ಪೌರಕಾರ್ಮಿಕರ ಹನ್ನೊಂದು ಮನೆಗಳಿಗೆ ಹಕ್ಕುಪತ್ರ: ಪುರಸಭೆ ಸರ್ವಾನುಮತದ ನಿರ್ಣಯ.’

“ಇದನ್ನ್ ತೋರಿಸಿದ್ರೆ ಆಯ್ತಲ್ವಾ ಅಮ್ಮ,” ಎಂದಳು. “ಕರೆಂಟಿಗೂ ಇದೇ ತೋರಿಸಿದ್ವಿ, ರೇಷನ್ ಕಾರ್ಡಿಗೂ ಇದೇ ತೋರಿಸಿದ್ವಿ. ಆದ್ರೂ ನೀವೊಂದ್ ಸಲ ಬಂದು ಹೌದು ಅಂದ್ಬಿಟ್ರೆ ನಮ್ಗೆ ಧೈರ್ಯ. ಅಧ್ಯಕ್ಷರು ನೀವೇ, ಪೇಪರೂ ನಿಮ್ದೇ.”

ಬರುತ್ತೇನೆ ಎಂದೆ. ಆಕೆ ಇಳಿದು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ಆ ಸುದ್ದಿಯ ಒಂದು ಅಕ್ಷರವೂ ನಿಜವಲ್ಲ.

ನಡೆದದ್ದು ಇಷ್ಟು. ಆ ಗುರುವಾರ ಎಂದಿನಂತೆ ವರದಿ ಬರೆದೆ. ಹನ್ನೊಂದು ಮನೆಗಳ ವಿಷಯ ನಾನೇ ಹಠ ಹಿಡಿದು ಕಾರ್ಯಸೂಚಿಗೆ ಸೇರಿಸಿದ್ದು, ನನಗೆ ಅದರ ಮೇಲೆ ನಿಜವಾಗಿಯೂ ಮನಸ್ಸಿತ್ತು. ಆ ಜನ ಊರು ಹುಟ್ಟಿದಾಗಿನಿಂದ ಅಲ್ಲಿದ್ದವರು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಸದಸ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಪ್ಪಿಸಿದ್ದೆ. ಶುಕ್ರವಾರ ಬೆಳಿಗ್ಗೆ ಪತ್ರಿಕೆ ಅಂಚೆಗೆ ಹೋಯಿತು. ಹತ್ತೂವರೆಗೆ ನಾನು ಸೀರೆ ಸರಿಮಾಡಿಕೊಂಡು ಸಭಾಂಗಣಕ್ಕೆ ಹೋದರೆ ಅಲ್ಲಿ ಮುಖ್ಯಾಧಿಕಾರಿ ಒಬ್ಬರೇ ಕೂತಿದ್ದರು. ನಮ್ಮ ಪುರಸಭೆಯನ್ನು ಬೆಂಗಳೂರಿಗೆ ಸೇರಿಸುತ್ತಾರೆಂಬ ಸುದ್ದಿ ಅವತ್ತು ಬೆಳಿಗ್ಗೆಯೇ ಹೊರಬಿದ್ದಿತ್ತು. ಸದಸ್ಯರೆಲ್ಲ ತಮ್ಮ ಸ್ಥಾನ ಏನಾಗುತ್ತದೆಂದು ಕೇಳಲು ನಾಯಕರ ಮನೆಗೆ ಓಡಿದ್ದರು. ಹನ್ನೆರಡರವರೆಗೆ ಕಾದೆವು. ಮೂವರು ಬಂದರು. ಸಾಕಷ್ಟು ಸದಸ್ಯರಿಲ್ಲದೆ ಸಭೆ ನಡೆಸುವಂತಿಲ್ಲ. ಮುಖ್ಯಾಧಿಕಾರಿಗಳು ನಡಾವಳಿ ಪುಸ್ತಕದಲ್ಲಿ, ಸಭೆಗಳಲ್ಲಿ ಆದದ್ದನ್ನು ದಾಖಲಿಸುವ ಆ ದಪ್ಪ ಪುಸ್ತಕದಲ್ಲಿ, ಎರಡು ಸಾಲು ಬರೆದು ನನ್ನ ಮುಂದಿಟ್ಟರು. ‘ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿದೆ.’ ಸಹಿ ಹಾಕಿದೆ.

ಸಹಿ ಹಾಕಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ಆ ಹನ್ನೊಂದು ಮನೆಯ ಹೆಂಗಸರು. ಪ್ರೆಸ್ಸಿನ ಬಾಗಿಲಿಗೆ ಅಂಟಿಸಿದ್ದ ಪತ್ರಿಕೆಯನ್ನು ಯಾರೋ ಅವರಿಗೆ ಓದಿ ಹೇಳಿದ್ದರು. ಕೆಲಸದ ಹಸಿರು ಕೋಟಿನಲ್ಲೇ ಬಂದಿದ್ದರು, ಕೈಯಲ್ಲಿ ಸೇವಂತಿಗೆ ಹಾರ, ಒಂದು ಪೊಟ್ಟಣ ಮೈಸೂರ್‌ಪಾಕ್. ಬೀದಿ ಗುಡಿಸುತ್ತಿದ್ದ ಆಕೆಯೇ ಮುಂದೆ ಬಂದು ಹಾರ ಹಾಕಿದಳು. ಆಕೆಗೆ ನನ್ನ ಕುತ್ತಿಗೆ ಎಟುಕಲಿಲ್ಲ. ನಾನು ತಲೆ ಬಗ್ಗಿಸಿದೆ.

ಆಗಲೇ ಹೇಳಬಹುದಿತ್ತು. ‘ಇನ್ನೂ ಆಗಿಲ್ಲಮ್ಮ, ಮುಂದಿನ ವಾರ ಆಗುತ್ತೆ’ ಎಂದು ಒಂದು ಮಾತು. ಬಾಯಿ ಬರಲಿಲ್ಲ. ಮುಂದಿನ ವಾರ ಮಾಡಿಯೇ ಬಿಡುತ್ತೇನೆ, ಸುಮ್ಮನೆ ಯಾಕೆ ಇವರ ಖುಷಿ ಕೆಡಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು. ಆಮೇಲೆ ಪುರಸಭೆಯೇ ಹೋಯಿತು. ಆಡಳಿತ ಬದಲಾದ ಗದ್ದಲದಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೆಲವು ವರ್ಷಗಳಲ್ಲಿ ಪತ್ರಿಕೆಯೂ ನಿಂತಿತು. ಪ್ರೆಸ್ಸಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಆ ನೋಟಿಸು ಬಂದ ವಾರವೇ ನಾನು ನಿವೃತ್ತ ಮುಖ್ಯಾಧಿಕಾರಿಗಳನ್ನು ಹುಡುಕಿಕೊಂಡು ವಿಜಯನಗರಕ್ಕೆ ಹೋದೆ. ಮೆಟ್ರೊದಲ್ಲಿ ನಿಂತುಕೊಂಡೇ ಹೋದೆ, ಯಾರೋ ಹುಡುಗಿ ಸೀಟು ಬಿಟ್ಟುಕೊಟ್ಟರೂ ಕೂರಲಾಗಲಿಲ್ಲ. ಅವರಿಗೆ ಎಂಬತ್ತರ ಹತ್ತಿರ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು, ಹಳೆಯ ಅಭ್ಯಾಸ. ವಿಷಯ ಹೇಳಿದೆ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಕೋರಂ ಇರ್ಲಿಲ್ಲ ಮೇಡಂ,” ಎಂದರು.

“ಅದು ನನಗೂ ಗೊತ್ತು ಸಾರ್. ಆ ನಡಾವಳಿ ಪುಸ್ತಕ ಈಗ ಎಲ್ಲಿದೆ?”

“ಎಲ್ಲೋ ಮೂಟೇಲಿರುತ್ತೆ. ಸೇರ್ಪಡೆ ಟೈಮಲ್ಲಿ ಎಲ್ಲಾ ಮೂಟೆ ಕಟ್ಟಿ ಲಾರಿಗ್ ಹಾಕಿದ್ರು. ಗೆದ್ದಲು ತಿಂದಿದ್ರೂ ತಿಂದಿರ್ಬೋದು.”

ಗೆದ್ದಲು ಎಂಬ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಪುಸ್ತಕ ಇಲ್ಲವೆಂದಾದರೆ ನನ್ನ ಪತ್ರಿಕೆಯೊಂದೇ ಸಾಕ್ಷಿ. ನಾನು ಹೌದು ಎಂದರೆ ಹೌದು. ಅವರು ನನ್ನ ಮುಖ ನೋಡಿಯೇ ಅದನ್ನು ಓದಿಕೊಂಡರೆಂದು ಕಾಣುತ್ತದೆ.

“ಮೇಡಂ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ಅವತ್ತಿಂದ ಕೌನ್ಸಿಲ್ ಹೋಗೋವರೆಗೂ ಇನ್ನೂ ಮೂರು ಶುಕ್ರವಾರ ಇತ್ತು. ಸದಸ್ಯರೆಲ್ಲ ವಾಪಸ್ ಬಂದಿದ್ರು. ಸಭೆ ಕರೀರಿ ಅಂತ ನಾನು ಎರಡ್ ಸಲ ಟಿಪ್ಪಣಿ ಕಳ್ಸಿದ್ದೆ. ನೀವ್ ಕರೀಲೇ ಇಲ್ಲ.”

ಇದನ್ನು ನಾನು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಂತೆ ಇದ್ದೆ. ಸಭೆ ಕರೆಯುವುದು ದೊಡ್ಡ ಮಾತಾಗಿರಲಿಲ್ಲ. ಆದರೆ ಅದೇ ವಿಷಯವನ್ನು ಮತ್ತೆ ಕಾರ್ಯಸೂಚಿಗೆ ಹಾಕಿದರೆ, ‘ಆಗಲೇ ಸರ್ವಾನುಮತ ಅಂತ ಬರೆದಿದ್ದೀರಲ್ಲ’ ಎಂದು ಯಾರಾದರೂ ಕೇಳುತ್ತಿದ್ದರು. ತಿದ್ದುಪಡಿ ಹಾಕಬೇಕಾಗುತ್ತಿತ್ತು. ಅಪ್ಪನ ಕಾಲದಿಂದ ಹಾಕದೇ ಇದ್ದ ತಿದ್ದುಪಡಿ. ಮೂರು ಶುಕ್ರವಾರಗಳಲ್ಲಿ ಯಾವುದಾದರೂ ಒಂದರಲ್ಲಿ ಅರ್ಧ ಗಂಟೆ ಕೂತಿದ್ದರೆ ಆ ಹನ್ನೊಂದು ಮನೆಗಳು ಇವತ್ತು ಅವರವಾಗಿರುತ್ತಿದ್ದವು. ನಾನು ಮಾಡಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಂಡೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಊರೆಲ್ಲ ಅವರನ್ನು ‘ಅಧ್ಯಕ್ಷೆ ಗಂಡ’ ಎಂದೇ ಕರೆಯುತ್ತಿತ್ತು, ಅವರೂ ಅದನ್ನು ನಗುತ್ತಾ ಹೊತ್ತುಕೊಂಡಿದ್ದರು. ಆ ದಿನ ನಗಲಿಲ್ಲ.

“ಹೋಗಿ ನಿಜ ಹೇಳ್ಬಿಡು,” ಎಂದರು.

“ನಿಜ ಹೇಳಿದ್ರೆ ಅವರ ಮನೆ ಹೋಗುತ್ತೆ.”

“ಸುಳ್ಳು ಹೇಳಿದ್ರೆ ಉಳಿಯುತ್ತಾ?”

ಉಳಿಯಲೂಬಹುದು ಎಂದೆ. ವಿಚಾರಣೆಯ ದಿನದವರೆಗೂ ನಾನು ಅನ್ನ ತಿಂದದ್ದು ಹೆಸರಿಗೆ ಮಾತ್ರ. ಗೆದ್ದಲಿಗೆ ಕೈಮುಗಿದ ಹೆಂಗಸು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ವಿಚಾರಣೆಗೆ ಹನ್ನೊಂದು ಮನೆಗಳಿಂದಲೂ ಒಬ್ಬೊಬ್ಬರು ಬಂದಿದ್ದರು. ಎಲ್ಲರೂ ಒಗೆದ ಸೀರೆ ಉಟ್ಟು, ತಲೆ ಬಾಚಿ, ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಕೆ ಲ್ಯಾಮಿನೇಟ್ ಮಾಡಿದ ಪುಟವನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಒರಟಾಗಿ ಮಾತಾಡುವವಳಲ್ಲ. ಪುಟವನ್ನು ತೆಗೆದುಕೊಂಡು ಪೂರ್ತಿ ಓದಿದಳು.

“ಮೇಡಂ, ಇದನ್ನ ಬರೆದಿದ್ದು ನೀವೇನಾ?”

“ಹೌದು.”

“ಆ ಸಭೆಗೆ ಅಧ್ಯಕ್ಷತೆ ವಹಿಸಿದ್ದೂ ನೀವೇ.”

“ಹೌದು.”

“ಇದರಲ್ಲಿರೋ ಹಾಗೆ ನಿರ್ಣಯ ಆಯ್ತಾ?”

“ಆಯ್ತು,” ಎಂದೆ. ದನಿ ಸ್ವಲ್ಪವೂ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ಅಧಿಕಾರಿ ಪಕ್ಕದ ಮೇಜಿನಿಂದ ಒಂದು ದಪ್ಪ ಪುಸ್ತಕ ಎತ್ತಿಕೊಂಡಳು. ರಟ್ಟು ಕಿತ್ತುಹೋಗಿತ್ತು, ಆದರೆ ಗೆದ್ದಲು ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ. ಗುರುತಿಗೆ ಇಟ್ಟಿದ್ದ ಕಾಗದದ ಬಳಿ ತೆರೆದು ನನ್ನ ಕಡೆ ತಿರುಗಿಸಿದಳು. ಎರಡು ಸಾಲು, ಕೆಳಗೆ ನನ್ನ ಸಹಿ. ಆಗೆಲ್ಲ ನಾನು ಸಹಿಯ ಕೆಳಗೆ ಒಂದು ಗೀಟು ಎಳೆದು ಎರಡು ಚುಕ್ಕೆ ಇಡುತ್ತಿದ್ದೆ. ಎರಡು ಚುಕ್ಕೆಯೂ ಇದ್ದವು.

“ಈ ಸಹಿ ನಿಮ್ದೇ ಅಲ್ವಾ?”

ತಲೆಯಾಡಿಸಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಡತದಿಂದ ಇನ್ನೊಂದು ಕಾಗದದ ಕಟ್ಟು ತೆಗೆದಳು.

“ಇದನ್ನೂ ನೋಡ್ಬಿಡಿ. ಏಳೆಂಟು ವರ್ಷದ ಹಿಂದೆ ಪೌರಕಾರ್ಮಿಕರಿಗೆ ಅಂತ ಫ್ಲ್ಯಾಟ್ ಸ್ಕೀಮ್ ಬಂದಿತ್ತು. ಸ್ವಂತ ಮನೆ ಇಲ್ದೋರಿಗೆ. ನಮ್ಮೋರು ಇವರ ಮನೆ ಬಾಗಿಲಿಗೇ ಹೋಗಿ ಫಾರಂ ಕೊಟ್ಟಿದ್ದಾರೆ. ಹನ್ನೊಂದು ಜನಾನೂ ಬೇಡ ಅಂತ ಬರ್ಕೊಟ್ಟಿದ್ದಾರೆ.”

ಹನ್ನೊಂದು ಹಾಳೆ. ಪ್ರತಿಯೊಂದರಲ್ಲೂ ‘ನನಗೆ ಈಗಾಗಲೇ ಪುರಸಭೆಯಿಂದ ಮಂಜೂರಾದ ಸ್ವಂತ ಮನೆ ಇರುತ್ತದೆ’ ಎಂಬ ಒಂದೇ ಒಕ್ಕಣೆ, ಕೆಳಗೆ ಹೆಬ್ಬೆಟ್ಟು. ಪ್ರತಿ ಹಾಳೆಗೂ ಪಿನ್ನು ಹೊಡೆದು ಲಗತ್ತಿಸಿದ್ದು ನನ್ನ ಮುಖಪುಟದ ಜೆರಾಕ್ಸು.

ನಾನು ಅಲ್ಲಿಯವರೆಗೆ ತಿಳಿದಿದ್ದದ್ದು, ನನ್ನ ಸುಳ್ಳು ಅವರಿಗೆ ಉಪಯೋಗಕ್ಕೆ ಬರಲಿಲ್ಲ ಎಂದು ಮಾತ್ರ. ಅದು ಸಿಗಬೇಕಾಗಿದ್ದ ಮನೆಯನ್ನೂ ತಪ್ಪಿಸಿತ್ತು. ಬಾಗಿಲ ಬಳಿ ನಿಂತ ಹೆಂಗಸರಿಗೆ ನಾವು ಏನು ಮಾತಾಡುತ್ತಿದ್ದೇವೆಂದು ಕೇಳಿಸುತ್ತಿರಲಿಲ್ಲ. ಅವರ ನಡುವಿನಿಂದ ಬೀದಿ ಗುಡಿಸುತ್ತಿದ್ದ ಆಕೆ ನನ್ನ ಕಡೆ ನೋಡಿ, ಎಲ್ಲ ಸರಿಹೋಯಿತಾ ಎಂಬಂತೆ ಹುಬ್ಬು ಏರಿಸಿದಳು.

“ಈಗ ಏನಾದ್ರೂ ದಾರಿ ಇದ್ಯಾ ಅಮ್ಮ?” ಎಂದು ಅಧಿಕಾರಿಯನ್ನು ಕೇಳಿದೆ. ಮೇಡಂ ಎನ್ನಬೇಕಾಗಿತ್ತು, ಬಾಯಿಗೆ ಅಮ್ಮ ಬಂತು.

ಅಧಿಕಾರಿ ಸ್ವಲ್ಪ ಯೋಚಿಸಿದಳು. “ಈ ಜಾಗ ಉಳಿಯಲ್ಲ. ಆದ್ರೆ ಸ್ಕೀಮ್ ಇನ್ನೂ ನಡೀತಿದೆ. ತಪ್ಪು ಮಾಹಿತಿ ನಂಬಿ ಬೇಡ ಅಂದ್ರು ಅಂತ ತೋರಿಸೋಕಾದ್ರೆ ಹೊಸದಾಗಿ ಅರ್ಜಿ ಹಾಕಬಹುದು. ಅದಕ್ಕೆ ಆ ಮಾಹಿತಿ ತಪ್ಪು ಅಂತ ಕೊಟ್ಟವರೇ ಹೇಳ್ಬೇಕು. ಒಂದು ವಾರ ಟೈಮ್ ಕೊಡ್ತೀನಿ.”

ಹೊರಗೆ ಬಂದಾಗ ಎಲ್ಲರೂ ಸುತ್ತುವರಿದರು. ಒಂದು ವಾರ ತಡೀರಿ ಎಂದಷ್ಟೇ ಹೇಳಿ ಆಟೋ ಹತ್ತಿದೆ. ಮತ್ತೆ ಅದೇ ಹೇಡಿತನ.

ತಿದ್ದುಪಡಿ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಎಷ್ಟು ಸಾವಿರ ಸುದ್ದಿ ಬರೆದ ಕೈ ಇದು. ಮೊದಲ ಸಲ ಬರೆದದ್ದರಲ್ಲಿ ‘ಕಣ್ತಪ್ಪಿನಿಂದ’ ಎಂದಿತ್ತು. ಹರಿದೆ. ಎರಡನೆಯದರಲ್ಲಿ ‘ಅನಿವಾರ್ಯ ಕಾರಣಗಳಿಂದ’. ಅದನ್ನು ಯಜಮಾನರೇ ಓದಿ ಹರಿದರು. ಕೊನೆಗೆ ಹೀಗೆ ಬರೆದೆ: ‘ಪಂಪ್‌ಹೌಸಿನ ಹಿಂದಿನ ಹನ್ನೊಂದು ಮನೆಗಳಿಗೆ ಹಕ್ಕುಪತ್ರ ಕೊಡಲು ಪುರಸಭೆ ನಿರ್ಣಯಿಸಿದೆ ಎಂದು ಈ ಪತ್ರಿಕೆ ಪ್ರಕಟಿಸಿದ್ದ ಸುದ್ದಿ ಸುಳ್ಳು. ಅಂದು ಸಭೆ ನಡೆಯಲಿಲ್ಲ. ಸಭೆಗೆ ಮೊದಲೇ ಸುದ್ದಿ ಬರೆದದ್ದು, ಸುಳ್ಳೆಂದು ತಿಳಿದ ಮೇಲೂ ತಿದ್ದದೇ ಇದ್ದದ್ದು, ಆಮೇಲೆ ಸಭೆ ಕರೆಯದೇ ಇದ್ದದ್ದು ಎಲ್ಲವೂ ನನ್ನ ತಪ್ಪು. ಆ ಹನ್ನೊಂದು ಕುಟುಂಬಗಳು ನನ್ನ ಮಾತು ನಂಬಿದವು.’ ಕೆಳಗೆ ನನ್ನ ಹೆಸರು, ಒಂದು ಸಲ.

ಬರಿಯ ಬಿಳಿ ಹಾಳೆಯಲ್ಲಿ ಕೊಟ್ಟರೂ ನಡೆಯುತ್ತಿತ್ತು. ನನಗೆ ಸಾಲಲಿಲ್ಲ. ಸುಳ್ಳು ಅಚ್ಚಾಗಿತ್ತು, ಇದೂ ಅಚ್ಚಾಗಬೇಕು ಎಂದು ಹಠ. ರಾಜಾಜಿನಗರದಲ್ಲಿ ನಮಗೆ ಪರಿಚಯದ ಒಂದು ಮುದ್ರಣಾಲಯವಿದೆ. ಪತ್ರಿಕೆಯ ಹಳೆಯ ಶಿರೋನಾಮೆಯನ್ನು ಮೇಲೆ ಹಾಕಿಸಿ ಒಂದು ಪುಟ ಮಾಡಿಸಿದೆ. ಅಲ್ಲಿನ ಯುವಕ ಓದಿಕೊಂಡು ನನ್ನ ಮುಖ ನೋಡಿದ. “ಎಷ್ಟ್ ಪ್ರತಿ ಆಂಟಿ?” ಎಂದ. ಹನ್ನೆರಡು ಎಂದೆ. ಅಪ್ಪನಂತೆ ಮೂರು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಯಂತ್ರದಿಂದ ಹಾಳೆ ಬೆಚ್ಚಗೆ ಹೊರಬಂದಾಗ ಹಳೆಯ ಕಾಲದಂತೆ ಮೂಗಿನ ಹತ್ತಿರ ಹಿಡಿದೆ, ಮಸಿಯ ವಾಸನೆಯೇ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಅವನು ನೀರು ತಂದುಕೊಟ್ಟ.

ಅಧಿಕಾರಿ ಒಂದು ಪ್ರತಿ ತೆಗೆದುಕೊಂಡು ಮೊಹರು ಹಾಕಿದಳು. “ಕಡತಕ್ಕೆ ಸೇರಿಸ್ತೀನಿ. ಅರ್ಜಿ ಹಾಕ್ಲಿ. ಸಿಗುತ್ತೆ ಅಂತ ನಾನ್ ಹೇಳಕ್ಕಾಗಲ್ಲ, ಮುಂದೆ ತುಂಬಾ ಜನ ಇದ್ದಾರೆ. ತೆರವು ಮಾತ್ರ ನಿಲ್ಲಲ್ಲ ಮೇಡಂ. ಬರೋ ಬುಧವಾರ ಜೆಸಿಬಿ ಬರುತ್ತೆ.” ಅದನ್ನು ನಾನೇ ಹೇಳುತ್ತೇನೆ ಎಂದು ಕೇಳಿಕೊಂಡೆ. ಆಕೆ ಆಗಲಿ ಎಂದಳು.

ಉಳಿದ ಹನ್ನೊಂದು ಪ್ರತಿಗಳನ್ನು ಹಿಡಿದುಕೊಂಡು ಪಂಪ್‌ಹೌಸಿನ ಹಿಂದಕ್ಕೆ ಹೋದೆ. ಅಷ್ಟು ವರ್ಷಗಳಲ್ಲಿ ಆ ಸಾಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮಧ್ಯಾಹ್ನ, ಬೆಳಗಿನ ಪಾಳಿ ಮುಗಿಸಿ ಎಲ್ಲರೂ ಬಂದಿದ್ದರು. ನಾನು ಊಹಿಸಿದ್ದು ಗುಡಿಸಲಿನಂಥ ಮನೆಗಳನ್ನು. ಹಾಗಿರಲಿಲ್ಲ. ಹಕ್ಕುಪತ್ರ ಬಂದಿದೆ ಎಂದು ನಂಬಿ ತಗಡು ತೆಗೆದು ತಾರಸಿ ಹಾಕಿಸಿದ್ದರು, ಟೈಲ್ಸ್ ಕೂರಿಸಿದ್ದರು. ಬೀದಿ ಗುಡಿಸುತ್ತಿದ್ದ ಆಕೆ ತನ್ನ ತುದಿಯ ಮನೆಯ ಬಾಗಿಲಿಗೆ ಎಳೆ ಹಸಿರು ಬಣ್ಣ ಬಳಿಸಿದ್ದಳು, ಪಕ್ಕದಲ್ಲಿ ಸಿಮೆಂಟಿನ ತುಳಸಿಕಟ್ಟೆ. ಒಳಗೆ ಗೋಡೆಯ ಮೇಲೆ ಪಟಗಳ ನಡುವೆ ಒಂದು ಖಾಲಿ ಮೊಳೆ ಇತ್ತು. ಲ್ಯಾಮಿನೇಟ್ ಮಾಡಿದ ಪುಟ ತೂಗುಹಾಕಿದ್ದ ಜಾಗ ಅದು.

ನನಗೆ ಕುರ್ಚಿ ತಂದರು. ಕೂರಲಿಲ್ಲ. ಹಾಳೆಗಳನ್ನು ಹಂಚಿದೆ. ಸೊಸೆಯಂದಿರಲ್ಲಿ ಇಬ್ಬರಿಗೆ ಓದು ಬರುತ್ತಿತ್ತು, ಅವರು ತುಟಿ ಅಲ್ಲಾಡಿಸುತ್ತಾ ಓದಲು ಶುರುಮಾಡಿದರು. ಆಕೆ ಮಾತ್ರ ಹಾಳೆಯನ್ನು ನನಗೇ ವಾಪಸು ಕೊಟ್ಟಳು.

“ನೀವೇ ಓದಿ ಅಮ್ಮ.”

ಓದಿದೆ. ‘ಸುಳ್ಳು’ ಎಂಬ ಮಾತನ್ನು ಎರಡು ಸಲ ಓದಿದೆ. ಮುಗಿದ ಮೇಲೆ ಮಾಮೂಲಿ ಮಾತಿನಲ್ಲಿ ಇನ್ನೊಂದು ಸಲ ಹೇಳಿದೆ. ಸಭೆ ಆಗಲೇ ಇಲ್ಲ, ನಾನು ಮೊದಲೇ ಬರೆದಿಟ್ಟಿದ್ದೆ, ಆಮೇಲೆ ಮಾಡಬಹುದಿತ್ತು, ಮಾಡಲಿಲ್ಲ. ಫ್ಲ್ಯಾಟಿಗೆ ಹೊಸದಾಗಿ ಅರ್ಜಿ ಹಾಕಬೇಕು, ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಈ ಮನೆಗಳು ಉಳಿಯುವುದಿಲ್ಲ.

ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಇನ್ನೊಬ್ಬಳು ನನ್ನನ್ನು ಬೈಯಲು ಬಾಯಿ ತೆರೆದಳು, ಆಕೆ ಕೈ ಎತ್ತಿ ತಡೆದಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ಸರಿಹೊಂದದವರ ಹಾಗೆ ನನ್ನನ್ನೇ ನೋಡುತ್ತಿದ್ದಳು.

“ಹಂಗಾದ್ರೆ ಅವತ್ತು ಹಾರ ಯಾಕ್ ಹಾಕಿಸ್ಕೊಂಡ್ರಿ ಅಮ್ಮ?”

ಸಮಜಾಯಿಷಿಗಳು ಬೇಕಾದಷ್ಟಿದ್ದವು, ಒಂದನ್ನೂ ಹೇಳಲಿಲ್ಲ.

“ಆಸೆ ಆಯ್ತು ಕಣಮ್ಮ,” ಎಂದೆ.

ಆಕೆ ತಲೆದೂಗಿದಳು. ಕ್ಷಮಿಸಿದಳೆಂದು ನಾನು ಹೇಳಲಾರೆ, ಅರ್ಥವಾಯಿತು ಅಷ್ಟೇ. ಒಳಗೆ ಹೋಗಿ ಲ್ಯಾಮಿನೇಟ್ ಮಾಡಿದ ಪುಟವನ್ನು ತಂದಳು. ಸೆರಗಿನ ತುದಿಯಿಂದ ಅದರ ಮೇಲಿನ ಧೂಳನ್ನು ಒರೆಸಿ ನನ್ನ ಕೈಗಿಟ್ಟಳು, ಹಿಂದೆ ಅಚ್ಚುಮೊಳೆಗಳನ್ನು ಕೊಡುತ್ತಿದ್ದ ಹಾಗೆಯೇ.

“ಸಾಮಾನು ಯಾವತ್ತೊಳಗೆ ಆಚೆ ಹಾಕ್ಬೇಕು?”

“ಬುಧವಾರ ಜೆಸಿಬಿ ಬರುತ್ತೆ,” ಎಂದೆ.

ಆ ಸಲ ನಾನು ಮೊದಲೇ ಹೇಳಿದ್ದು ಹಾಗೆಯೇ ನಡೆಯಿತು.